ಕುದುರೆಮರಿಯ ಮೈಬಣ್ಣದ ಮುನ್ಸೂಚನೆ

ಕುದುರೆಮರಿಯ ಮೈಬಣ್ಣದ ಮುನ್ಸೂಚನೆ ಎಂದರೆ, ತಂದೆ ಮತ್ತು ತಾಯಿ ಕುದುರೆಗಳ ವಂಶವಾಹಿಗಳನ್ನು ಆಧರಿಸಿ, ಹುಟ್ಟಲಿರುವ ಮರಿಯ ಬಣ್ಣ ಯಾವುದಾಗಬಹುದು ಮತ್ತು ಯಾವುದಾಗಲಾರದು ಎಂಬುದನ್ನು ಸಂಭವನೀಯತೆಯ ರೂಪದಲ್ಲಿ ನಿರ್ಣಯಿಸುವ ವಿಧಾನ. ಇದು ಮೆಂಡಲನ ಅನುವಂಶೀಯತೆಯ ನಿಯಮಗಳ ನೇರ ಅನ್ವಯವಾಗಿದೆ. ತಂದೆತಾಯಿಗಳ ಹೊರಗೆ ಕಾಣುವ ಬಣ್ಣವೊಂದನ್ನೇ ನೋಡಿ ಮರಿಯ ಬಣ್ಣವನ್ನು ಹೇಳುವುದು ಬಹಳ ಸಂದರ್ಭಗಳಲ್ಲಿ ಸಾಧ್ಯವಿಲ್ಲ. ಎರಡು ಕಪ್ಪು ಕುದುರೆಗಳಿಗೆ ಕೆಂಗಂದು ಮರಿ ಹುಟ್ಟಬಹುದು. ಒಂದು ಕಪ್ಪು ಮತ್ತು ಒಂದು ಕೆಂಗಂದು ಕುದುರೆಗೆ ಇವೆರಡೂ ಅಲ್ಲದ ಬಣ್ಣದ ಮರಿ ಹುಟ್ಟಬಹುದು. ಹೊರಗೆ ಕಾಣದೆ ಅಡಗಿರುವ ವಂಶವಾಹಿಗಳು ಯಾವುವೆಂದು ತಿಳಿದಾಗ ಮಾತ್ರ ಲೆಕ್ಕ ಸರಿಹೊಂದುತ್ತದೆ.

ಕುದುರೆಯ ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಒಂದು ಹೆಣ್ಣುಕುದುರೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಆದುದರಿಂದ ಜೋಡಿಯ ಆಯ್ಕೆಯಲ್ಲಿ ತಪ್ಪಿದರೆ ಒಂದು ವರ್ಷವೇ ಕಳೆದಂತೆ. ಬಣ್ಣವು ಕೇವಲ ಅಲಂಕಾರದ ಅಥವಾ ಬೆಲೆಯ ವಿಷಯವೆಂದು ತೋರಿದರೂ, ಬಣ್ಣವನ್ನು ನಿರ್ಧರಿಸುವ ಕೆಲವು ವಂಶವಾಹಿಗಳು ಕಣ್ಣು, ಕರುಳು ಮತ್ತು ಚರ್ಮದ ಆರೋಗ್ಯದೊಂದಿಗೆ ಹೆಣೆದುಕೊಂಡಿವೆ. ಒಂದು ನಿರ್ದಿಷ್ಟ ಜೋಡಿಯಲ್ಲಿ ನಾಲ್ಕರಲ್ಲಿ ಒಂದು ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುವ ಸಂಭವವಿರುತ್ತದೆ. ಮುನ್ಸೂಚನೆಯ ನಿಜವಾದ ಪ್ರಯೋಜನ ಅಲ್ಲಿದೆ.

ಎರಡು ವರ್ಣದ್ರವ್ಯಗಳು

ಕುದುರೆಗಳಲ್ಲಿ ಕಾಣುವ ಬಣ್ಣಗಳೆಲ್ಲವೂ ಮೆಲನಿನ್ ಎಂಬ ವರ್ಣದ್ರವ್ಯದ ಎರಡು ಬಗೆಗಳಿಂದ ಉಂಟಾಗುತ್ತವೆ. ಕಪ್ಪು ಬಣ್ಣ ನೀಡುವುದು ಯೂಮೆಲನಿನ್. ಕೆಂಪು ಅಥವಾ ಹಳದಿ ಛಾಯೆ ನೀಡುವುದು ಫಿಯೊಮೆಲನಿನ್. ಚರ್ಮದಲ್ಲಿಯೂ ಕೂದಲಿನ ಬುಡದಲ್ಲಿಯೂ ಇರುವ ಮೆಲನೊಸೈಟ್ ಎಂಬ ಕೋಶಗಳು ಇವನ್ನು ತಯಾರಿಸುತ್ತವೆ. ಯಾವ ಬಗೆಯ ಮೆಲನಿನ್ ತಯಾರಾಗಬೇಕು, ದೇಹದ ಯಾವ ಭಾಗದಲ್ಲಿ ತಯಾರಾಗಬೇಕು, ಎಷ್ಟು ದಟ್ಟವಾಗಿರಬೇಕು ಮತ್ತು ಆ ಭಾಗಕ್ಕೆ ಮೆಲನೊಸೈಟ್‌ಗಳು ತಲುಪಿವೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಬೇರೆ ಬೇರೆ ವಂಶವಾಹಿಗಳು ಉತ್ತರ ನೀಡುತ್ತವೆ. ಮೆಲನೊಸೈಟ್‌ಗಳೇ ಇಲ್ಲದ ಭಾಗದಲ್ಲಿ ಕೂದಲು ಬಿಳಿಯಾಗಿ, ಚರ್ಮ ನಸುಗೆಂಪಾಗಿ ಉಳಿಯುತ್ತದೆ.

ಕುದುರೆಯ ಪ್ರತಿ ಜೀವಕೋಶದಲ್ಲಿ 32 ಜೊತೆ, ಅಂದರೆ 64 ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ಹೀಗಾಗಿ ಪ್ರತಿಯೊಂದು ಬಣ್ಣದ ವಂಶವಾಹಿಯೂ ಎರಡು ಪ್ರತಿಗಳಲ್ಲಿರುತ್ತದೆ. ಮರಿಗೆ ಇವುಗಳಲ್ಲಿ ಒಂದು ಮಾತ್ರ, ಯಾದೃಚ್ಛಿಕವಾಗಿ, ದಾಟುತ್ತದೆ. ಒಂದೇ ವಂಶವಾಹಿಯ ಭಿನ್ನ ರೂಪಗಳನ್ನು ಆಲೀಲ್‌ಗಳೆನ್ನುತ್ತಾರೆ. ಒಂದು ಪ್ರತಿ ಇದ್ದರೂ ಹೊರಗೆ ತೋರಿಬರುವುದು ಪ್ರಬಲ ಆಲೀಲ್. ಎರಡು ಪ್ರತಿ ಇದ್ದಾಗ ಮಾತ್ರ ತೋರಿಬರುವುದು ದುರ್ಬಲ ಆಲೀಲ್. ಇಂಗ್ಲಿಷ್ ಗ್ರಂಥಗಳಲ್ಲಿ ಇವುಗಳನ್ನು ದೊಡ್ಡ ಮತ್ತು ಸಣ್ಣ ಅಕ್ಷರಗಳಿಂದ ಸೂಚಿಸುವುದು ವಾಡಿಕೆ. ಕನ್ನಡ ಲಿಪಿಯಲ್ಲಿ ಅಂತಹ ಭೇದವಿಲ್ಲದ ಕಾರಣ ಈ ಲೇಖನದಲ್ಲಿ ಪ್ರಬಲ ರೂಪಕ್ಕೆ ‘+’, ದುರ್ಬಲ ರೂಪಕ್ಕೆ ‘−’ ಚಿಹ್ನೆ ಬಳಸಲಾಗಿದೆ.

ಮೂಲಬಣ್ಣಗಳು: ಎಕ್ಸ್‌ಟೆನ್ಷನ್ ಮತ್ತು ಅಗೌಟಿ

ಕುದುರೆಯ ಮೂಲಬಣ್ಣಗಳು ಮೂರು. ಮೈ, ಅಯಾಲು (ಕುತ್ತಿಗೆಯ ಮೇಲಣ ಕೂದಲು), ಬಾಲ ಎಲ್ಲವೂ ಕೆಂಗಂದಾಗಿದ್ದರೆ ಅದು ಚೆಸ್ಟ್‌ನಟ್. ಎಲ್ಲವೂ ಕಪ್ಪಾಗಿದ್ದರೆ ಕಪ್ಪು. ಮೈ ಕಂದಾಗಿದ್ದು ಅಯಾಲು, ಬಾಲ, ಕಾಲಿನ ಕೆಳಭಾಗ ಮತ್ತು ಕಿವಿಯ ಅಂಚು ಕಪ್ಪಾಗಿದ್ದರೆ ಅದು ಬೇ. ಉತ್ತರ ಭಾರತದ ಕುದುರೆ ಸಾಕಣೆಗಾರರ ಮಾತಿನಲ್ಲಿ ಬೇ ಬಣ್ಣಕ್ಕೆ ಕುಮೈತ್ ಎಂಬ ಹೆಸರಿದೆ. ಈ ಮೂರನ್ನು ನಿರ್ಧರಿಸಲು ಎರಡು ವಂಶವಾಹಿಗಳು ಸಾಕು.

ಮೊದಲನೆಯದು ಮೂರನೆಯ ವರ್ಣತಂತುವಿನಲ್ಲಿರುವ ಎಂಸಿ1ಆರ್. ಇದರ ಸ್ಥಾನಕ್ಕೆ ಎಕ್ಸ್‌ಟೆನ್ಷನ್ ಎಂಬ ಹಳೆಯ ಹೆಸರು ಉಳಿದುಬಂದಿದೆ. ಇದು ಮೆಲನೊಸೈಟ್‌ನ ಹೊರಪೊರೆಯಲ್ಲಿ ಕುಳಿತು ಸಂಕೇತ ಸ್ವೀಕರಿಸುವ ಒಂದು ಗ್ರಾಹಕ ಪ್ರೋಟೀನನ್ನು ರೂಪಿಸುತ್ತದೆ. ಗ್ರಾಹಕ ಸರಿಯಾಗಿದ್ದರೆ (ಇ+) ಕೋಶವು ಕಪ್ಪು ವರ್ಣದ್ರವ್ಯ ತಯಾರಿಸಬಲ್ಲದು. ಗ್ರಾಹಕ ಕೆಟ್ಟಿದ್ದರೆ (ಇ−) ಕೆಂಪನ್ನು ಮಾತ್ರ ತಯಾರಿಸಬಲ್ಲದು. ಇ− ರೂಪಕ್ಕೆ ಕಾರಣ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಎಂಬುದು 1996ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಇ−/ಇ− ಕುದುರೆ ಚೆಸ್ಟ್‌ನಟ್. ಒಂದಾದರೂ ಇ+ ಇದ್ದರೆ ಅದು ಕಪ್ಪು ಅಥವಾ ಬೇ.

ಎರಡನೆಯದು 22ನೆಯ ವರ್ಣತಂತುವಿನಲ್ಲಿರುವ ಎಎಸ್‌ಐಪಿ, ಅಂದರೆ ಅಗೌಟಿ. ಕಪ್ಪು ಬಣ್ಣವನ್ನು ಇಡೀ ಮೈಗೆ ಬಿಡಬೇಕೇ ಅಥವಾ ಅಂಚುಗಳಿಗೆ ಸೀಮಿತಗೊಳಿಸಬೇಕೇ ಎಂಬುದನ್ನು ಇದು ನಿರ್ಧರಿಸುತ್ತದೆ. ಎ+ ಇದ್ದರೆ ಕಪ್ಪು ಅಯಾಲು, ಬಾಲ ಮತ್ತು ಕಾಲುಗಳಿಗೆ ಸರಿಯುತ್ತದೆ; ಕುದುರೆ ಬೇ ಆಗುತ್ತದೆ. ಎ−/ಎ− ಆಗಿದ್ದರೆ ಕಪ್ಪನ್ನು ತಡೆಯುವವರಿಲ್ಲ; ಇಡೀ ಕುದುರೆ ಕಪ್ಪಾಗುತ್ತದೆ. 11 ಅಕ್ಷರಗಳ ತುಣುಕೊಂದು ಕಳೆದುಹೋದದ್ದೇ ಎ− ರೂಪದ ಮೂಲ ಎಂದು 2001ರಲ್ಲಿ ಗುರುತಿಸಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಗೌಟಿಯು ಕೆಲಸ ಮಾಡುವುದು ಕಪ್ಪು ವರ್ಣದ್ರವ್ಯದ ಮೇಲೆ ಮಾತ್ರ. ಚೆಸ್ಟ್‌ನಟ್ ಕುದುರೆಯಲ್ಲಿ ಕಪ್ಪೇ ಇಲ್ಲದಿರುವುದರಿಂದ ಅದರಲ್ಲಿ ಎ+ ಇದೆಯೋ ಎ− ಇದೆಯೋ ನೋಡಿ ಹೇಳಲಾಗದು. ಆದರೆ ಅದು ಮರಿಗೆ ದಾಟುತ್ತದೆ. ಇ+/ಇ+ ಎ−/ಎ− ಕಪ್ಪು ಗಂಡುಕುದುರೆಗೂ ಇ−/ಇ− ಎ+/ಎ+ ಚೆಸ್ಟ್‌ನಟ್ ಹೆಣ್ಣುಕುದುರೆಗೂ ಹುಟ್ಟುವ ಮರಿಗಳೆಲ್ಲ ಬೇ ಆಗುತ್ತವೆ. ತಂದೆಯಿಂದ ಕಪ್ಪು ಮಾಡುವ ಶಕ್ತಿ, ತಾಯಿಯಿಂದ ಅದನ್ನು ಅಂಚಿಗೆ ಒತ್ತುವ ಶಕ್ತಿ ಒಟ್ಟುಗೂಡಿ ಇಬ್ಬರಲ್ಲಿಯೂ ಇಲ್ಲದ ಬಣ್ಣ ಮೂಡುತ್ತದೆ. ಕಪ್ಪು ಮರಿ ಬೇಕೆಂದು ಚೆಸ್ಟ್‌ನಟ್ ಹೆಣ್ಣುಕುದುರೆಯನ್ನು ಕಪ್ಪು ಗಂಡಿನೊಡನೆ ಕೂಡಿಸುವ ಸಾಕಣೆಗಾರರು ನಿರಾಶರಾಗುವುದು ಬಹುತೇಕ ಇದೇ ಕಾರಣಕ್ಕೆ.

ಲೆಕ್ಕಾಚಾರದ ಕ್ರಮ

ಪ್ರತಿ ವಂಶವಾಹಿಯನ್ನು ಬೇರೆಯಾಗಿ ಲೆಕ್ಕಹಾಕಿ, ದೊರೆತ ಭಿನ್ನರಾಶಿಗಳನ್ನು ಗುಣಿಸುವುದು ಸರಳ ವಿಧಾನ. ಎರಡೂ ವಂಶವಾಹಿಗಳಲ್ಲಿ ಒಂದೊಂದು ದುರ್ಬಲ ಪ್ರತಿ ಹೊತ್ತಿರುವ ಎರಡು ಬೇ ಕುದುರೆಗಳನ್ನು (ಇ+/ಇ− ಎ+/ಎ−) ಕೂಡಿಸಿದರೆಂದು ಭಾವಿಸೋಣ. ಮರಿಗೆ ಕನಿಷ್ಠ ಒಂದು ಇ+ ದೊರೆಯುವ ಸಂಭವ 3/4. ಕನಿಷ್ಠ ಒಂದು ಎ+ ದೊರೆಯುವ ಸಂಭವವೂ 3/4. ಎರಡೂ ದೊರೆತು ಬೇ ಆಗುವ ಸಂಭವ 9/16. ಇ+ ಇದ್ದು ಎ−/ಎ− ಆಗಿ ಕಪ್ಪಾಗುವ ಸಂಭವ 3/4 × 1/4, ಅಂದರೆ 3/16. ಉಳಿದ 4/16 ಚೆಸ್ಟ್‌ನಟ್. ಒಂದೇ ಜೋಡಿಯಿಂದ ಮೂರೂ ಮೂಲಬಣ್ಣಗಳು ಹುಟ್ಟಬಹುದಾದ ಉದಾಹರಣೆ ಇದು.

ಇದೇ ಬೇ ಗಂಡುಕುದುರೆಯನ್ನು ಚೆಸ್ಟ್‌ನಟ್ ಹೆಣ್ಣಿನೊಡನೆ ಕೂಡಿಸಿದರೆ ಉತ್ತರವು ಹೆಣ್ಣಿನಲ್ಲಿ ಅಡಗಿರುವ ಅಗೌಟಿಯನ್ನು ಅವಲಂಬಿಸಿರುತ್ತದೆ. ಹೆಣ್ಣು ಎ−/ಎ− ಆಗಿದ್ದರೆ ಮರಿ ಚೆಸ್ಟ್‌ನಟ್ ಆಗುವ ಸಂಭವ 1/2, ಬೇ ಆಗುವ ಸಂಭವ 1/4, ಕಪ್ಪಾಗುವ ಸಂಭವ 1/4. ಹೆಣ್ಣು ಎ+/ಎ+ ಆಗಿದ್ದರೆ ಚೆಸ್ಟ್‌ನಟ್ 1/2, ಬೇ 1/2. ಕಪ್ಪು ಮರಿ ಹುಟ್ಟುವುದೇ ಇಲ್ಲ. ಎರಡು ಹೆಣ್ಣುಗಳೂ ನೋಡಲು ಒಂದೇ ತೆರನಾಗಿರುತ್ತವೆ.

1/4 ಎಂದರೆ ನಾಲ್ಕು ಮರಿಗಳಲ್ಲಿ ಒಂದು ಖಂಡಿತ ಹಾಗೆ ಹುಟ್ಟುತ್ತದೆ ಎಂದಲ್ಲ. ಪ್ರತಿ ಗರ್ಭಧಾರಣೆಯೂ ಹೊಸ ಪಗಡೆಯಾಟ. ಹಿಂದಿನ ಮರಿಗಳ ಬಣ್ಣ ಮುಂದಿನದರ ಮೇಲೆ ಪ್ರಭಾವ ಬೀರದು. ಆದರೆ ಹಿಂದಿನ ಮರಿಗಳು ತಂದೆತಾಯಿಗಳ ಬಗ್ಗೆ ಸಾಕ್ಷ್ಯ ನುಡಿಯುತ್ತವೆ. ಒಂದು ಬೇ ಹೆಣ್ಣುಕುದುರೆ ಇ− ಹೊತ್ತಿದ್ದರೆ, ಚೆಸ್ಟ್‌ನಟ್ ಗಂಡಿನಿಂದ ಅದಕ್ಕೆ ಹುಟ್ಟುವ ಪ್ರತಿ ಮರಿಯೂ ಚೆಸ್ಟ್‌ನಟ್ ಆಗುವ ಸಂಭವ 1/2. ಹಾಗಿದ್ದೂ ಸತತ ಐದು ಮರಿಗಳಲ್ಲಿ ಒಂದೂ ಚೆಸ್ಟ್‌ನಟ್ ಆಗದಿರುವ ಸಂಭವ 1/32, ಅಂದರೆ ಸುಮಾರು ಶೇ. 3. ಐದು ಮರಿಗಳೂ ಬೇ ಅಥವಾ ಕಪ್ಪಾದರೆ ಆ ಹೆಣ್ಣು ಇ+/ಇ+ ಇರಬಹುದೆಂಬ ಊಹೆ ಬಲಗೊಳ್ಳುತ್ತದೆ, ಆದರೆ ಖಚಿತವಾಗುವುದಿಲ್ಲ. ತದ್ವಿರುದ್ಧವಾಗಿ ಒಂದೇ ಒಂದು ಚೆಸ್ಟ್‌ನಟ್ ಮರಿ ಹುಟ್ಟಿದರೆ ಸಾಕು, ಅದು ಇ+/ಇ− ಎಂಬುದು ಸಂಶಯಕ್ಕೆಡೆಯಿಲ್ಲದೆ ಸಿದ್ಧವಾಗುತ್ತದೆ. ಡಿಎನ್‌ಎ ಪರೀಕ್ಷೆಗಳು ಬರುವ ಮುನ್ನ ತಳಿಗಾರರಿಗಿದ್ದ ದಾರಿ ಇದೊಂದೇ.

ದುರ್ಬಲ ಲಕ್ಷಣವನ್ನು ಸ್ಥಿರಗೊಳಿಸುವುದು ಸುಲಭ, ಪ್ರಬಲ ಲಕ್ಷಣವನ್ನು ಸ್ಥಿರಗೊಳಿಸುವುದು ಕಷ್ಟ. ಇಂಗ್ಲೆಂಡಿನ ಸಫೊಕ್ ಪಂಚ್ ತಳಿಯ ಕುದುರೆಗಳೆಲ್ಲ ಚೆಸ್ಟ್‌ನಟ್. ಎರಡು ಚೆಸ್ಟ್‌ನಟ್‌ಗಳಿಂದ ಚೆಸ್ಟ್‌ನಟ್ ಅಲ್ಲದ್ದು ಹುಟ್ಟದ ಕಾರಣ ಅಲ್ಲಿ ಬಣ್ಣ ತಾನಾಗಿಯೇ ಉಳಿದುಬರುತ್ತದೆ. ನೆದರ್ಲೆಂಡ್ಸ್‌ನ ಫ್ರೀಸಿಯನ್ ತಳಿಯಲ್ಲಿ ಕಪ್ಪೇ ಆದರ್ಶ. ಆದರೂ ಇ− ಪ್ರತಿಯು ಕಪ್ಪಿನ ಮರೆಯಲ್ಲಿ ತಲೆಮಾರುಗಟ್ಟಲೆ ಸಾಗಿಬಂದು ಅಪರೂಪಕ್ಕೊಮ್ಮೆ ಚೆಸ್ಟ್‌ನಟ್ ಮರಿಯ ರೂಪದಲ್ಲಿ ಹೊರಬರುತ್ತದೆ.

ಬಣ್ಣವನ್ನು ತಿಳಿಗೊಳಿಸುವ ವಂಶವಾಹಿಗಳು

ಮೂಲಬಣ್ಣದ ಮೇಲೆ ಇತರ ವಂಶವಾಹಿಗಳು ಕೆಲಸ ಮಾಡಿ ಅದನ್ನು ತಿಳಿಗೊಳಿಸಬಹುದು. ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು 21ನೆಯ ವರ್ಣತಂತುವಿನ ಎಸ್‌ಎಲ್‌ಸಿ45ಎ2 ವಂಶವಾಹಿಯ ಕ್ರೀಮ್ ರೂಪ. ಇದು ಪ್ರಬಲವೂ ಅಲ್ಲ, ದುರ್ಬಲವೂ ಅಲ್ಲ. ಅಪೂರ್ಣ ಪ್ರಾಬಲ್ಯಕ್ಕೆ ಪಠ್ಯಪುಸ್ತಕಗಳು ನೀಡುವ ಉದಾಹರಣೆಗಳಲ್ಲೊಂದು. ಒಂದು ಪ್ರತಿ ಇದ್ದರೆ ಚೆಸ್ಟ್‌ನಟ್ ಕುದುರೆ ಹೊಂಬಣ್ಣದ ಮೈ, ಬಿಳಿ ಅಯಾಲಿನ ಪಾಲೊಮಿನೊ ಆಗುತ್ತದೆ. ಬೇ ಕುದುರೆ ಬಕ್‌ಸ್ಕಿನ್ ಆಗುತ್ತದೆ. ಎರಡು ಪ್ರತಿ ಇದ್ದರೆ ಮೂಲಬಣ್ಣ ಯಾವುದೇ ಇರಲಿ, ಕುದುರೆ ಕೆನೆಬಣ್ಣಕ್ಕೆ ತಿರುಗಿ, ನಸುಗೆಂಪು ಚರ್ಮ ಮತ್ತು ತಿಳಿನೀಲಿ ಕಣ್ಣುಗಳನ್ನು ಪಡೆಯುತ್ತದೆ. ಚೆಸ್ಟ್‌ನಟ್ ಮೂಲದ ಇಂತಹ ಕುದುರೆಯನ್ನು ಕ್ರೆಮೆಲೊ ಎನ್ನುತ್ತಾರೆ.

ಪಾಲೊಮಿನೊ ಬಣ್ಣಕ್ಕೆ ಬೇಡಿಕೆ ಹೆಚ್ಚು. ಆದರೆ ಎರಡು ಪಾಲೊಮಿನೊಗಳನ್ನು ಕೂಡಿಸಿದರೆ ಪಾಲೊಮಿನೊ ದೊರೆಯುವ ಸಂಭವ 1/2 ಮಾತ್ರ. 1/4 ಚೆಸ್ಟ್‌ನಟ್, 1/4 ಕ್ರೆಮೆಲೊ. ಪಾಲೊಮಿನೊ ಎಂಬುದು ಒಂದೇ ಪ್ರತಿಯ ಫಲವಾದ್ದರಿಂದ ಅದನ್ನು ಶುದ್ಧ ತಳಿಯಾಗಿ ಸ್ಥಿರಗೊಳಿಸಲು ಎಂದಿಗೂ ಆಗದು. ಎಲ್ಲ ಮರಿಗಳೂ ಪಾಲೊಮಿನೊ ಆಗಬೇಕಿದ್ದರೆ ಪಾಲೊಮಿನೊವನ್ನು ಬಳಸದೆ ಒಂದು ಚೆಸ್ಟ್‌ನಟ್ ಮತ್ತು ಒಂದು ಕ್ರೆಮೆಲೊ ಕುದುರೆಯನ್ನು ಕೂಡಿಸಬೇಕು.

ಕ್ರೀಮ್‌ನ ಒಂದು ಪ್ರತಿ ಕೆಂಪನ್ನು ತೀವ್ರವಾಗಿ ತಿಳಿಗೊಳಿಸಿದರೂ ಕಪ್ಪನ್ನು ಅಷ್ಟಾಗಿ ಮುಟ್ಟುವುದಿಲ್ಲ. ಒಂದು ಕ್ರೀಮ್ ಹೊತ್ತ ಕಪ್ಪು ಕುದುರೆ, ಅಂದರೆ ಸ್ಮೋಕಿ ಬ್ಲ್ಯಾಕ್, ಸಾಮಾನ್ಯ ಕಪ್ಪು ಕುದುರೆಯಂತೆಯೇ ಕಾಣಬಹುದು. ಕಪ್ಪು ಮತ್ತು ಚೆಸ್ಟ್‌ನಟ್ ಜೋಡಿಗೆ ಅನಿರೀಕ್ಷಿತವಾಗಿ ಪಾಲೊಮಿನೊ ಮರಿ ಹುಟ್ಟುವುದು ಹೀಗೆ. ಇದಕ್ಕೆ ವಿರುದ್ಧವಾದದ್ದು ಸಿಲ್ವರ್ (ಪಿಎಂಇಎಲ್ ವಂಶವಾಹಿ): ಅದು ಕಪ್ಪನ್ನು ಮಾತ್ರ ತಿಳಿಗೊಳಿಸುತ್ತದೆ, ಆದುದರಿಂದ ಚೆಸ್ಟ್‌ನಟ್ ಕುದುರೆಯಲ್ಲಿ ಅಡಗಿರುತ್ತದೆ. ಸಿಲ್ವರ್ ಆಲೀಲ್ ಹುಟ್ಟಿನಿಂದಲೇ ಬರುವ ಕಣ್ಣಿನ ದೋಷಗಳೊಂದಿಗೆ ತಳುಕು ಹಾಕಿಕೊಂಡಿದ್ದು, ಎರಡು ಪ್ರತಿಗಳಿರುವ ಕುದುರೆಗಳಲ್ಲಿ ದೋಷ ತೀವ್ರವಾಗಿರುತ್ತದೆ.

ಡನ್ ಎಂಬುದು ಕಾಡುಕುದುರೆಯ ಬಣ್ಣ. ಮಂಗೋಲಿಯದ ಪ್ರಜೆವಾಲ್ಸ್‌ಕಿ ಕುದುರೆಯಲ್ಲಿ ಕಾಣುವಂತೆ ಮೈ ಮಾಸಲಾಗಿದ್ದು ಬೆನ್ನ ಮೇಲೆ ಕಪ್ಪು ಗೆರೆ ಓಡುತ್ತದೆ. ಟಿಬಿಎಕ್ಸ್3 ಎಂಬ ವಂಶವಾಹಿಯು ಪ್ರತಿ ಕೂದಲಿನ ಒಂದು ಪಾರ್ಶ್ವದಲ್ಲಿ ಮಾತ್ರ ವರ್ಣದ್ರವ್ಯ ತುಂಬುವಂತೆ ಮಾಡುವುದೇ ಈ ಮಾಸಲು ನೋಟಕ್ಕೆ ಕಾರಣವೆಂದು 2016ರಲ್ಲಿ ತೋರಿಸಲಾಯಿತು. ಸಾಕುಕುದುರೆಗಳಲ್ಲಿ ಬಹುಪಾಲು ಈ ವಂಶವಾಹಿಯ ಬದಲಾದ ರೂಪಗಳನ್ನು ಹೊತ್ತಿವೆ.

ಬೂದು ಕುದುರೆಗಳು

ಬಿಳಿ ಕುದುರೆಯೆಂದು ಜನ ಕರೆಯುವ ಕುದುರೆಗಳಲ್ಲಿ ಹೆಚ್ಚಿನವು ತಳಿವಿಜ್ಞಾನದ ದೃಷ್ಟಿಯಿಂದ ಬಿಳಿಯಲ್ಲ, ಬೂದು. ಇವು ಬೇ, ಕಪ್ಪು ಅಥವಾ ಚೆಸ್ಟ್‌ನಟ್ ಆಗಿಯೇ ಹುಟ್ಟಿ, ವರ್ಷಗಳು ಕಳೆದಂತೆ ನರೆಯುತ್ತ ಹೋಗುತ್ತವೆ. ಕೂದಲಿನ ಕೆಳಗಿನ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ನಿಜವಾದ ಬಿಳಿ ಕುದುರೆಯಿಂದ ಇದನ್ನು ಗುರುತಿಸುವ ಸುಲಭ ಉಪಾಯವೂ ಅದೇ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಲಿಪಿಜಾನರ್ ಕುದುರೆಗಳು ಇದಕ್ಕೆ ಪ್ರಸಿದ್ಧ ನಿದರ್ಶನ.

ಇದಕ್ಕೆ ಕಾರಣ ಎಸ್‌ಟಿಎಕ್ಸ್17 ವಂಶವಾಹಿಯ ಒಳಗೆ ಸುಮಾರು 4,600 ಅಕ್ಷರಗಳ ತುಣುಕೊಂದು ನಕಲಾಗಿರುವುದು ಎಂದು 2008ರಲ್ಲಿ ಪತ್ತೆಯಾಯಿತು. ಈ ಆಲೀಲ್ ಪ್ರಬಲ. ಆದುದರಿಂದ ಬೂದು ಮರಿಗೆ ಕನಿಷ್ಠ ಒಬ್ಬ ಬೂದು ಪೋಷಕ ಇರಲೇಬೇಕು. ಬೂದು ಬಣ್ಣ ತಲೆಮಾರನ್ನು ಜಿಗಿಯುವುದಿಲ್ಲ. ಓಟದ ಥರೋಬ್ರೆಡ್ ತಳಿಯಲ್ಲಿ ಪ್ರತಿ ಬೂದು ಕುದುರೆಯ ಹಿಂದೆಯೂ ಬೂದು ಪೂರ್ವಜರ ಮುರಿಯದ ಸರಪಳಿಯೊಂದು ಇರುತ್ತದೆ. 1911ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ದಿ ಟೆಟ್ರಾರ್ಕ್ ಎಂಬ ಖ್ಯಾತ ಕುದುರೆ ಆ ಸರಪಳಿಯ ಒಂದು ಕೊಂಡಿ. ಅದರ ತಂದೆ ರುವಾ ಎರೋಡ್ ಕೂಡ ಬೂದು. ಕರ್ನಾಟಕದ ಕುಣಿಗಲ್ ಸ್ಟಡ್ ಫಾರಂನಲ್ಲಿ ಬೆಳೆದ ಕುದುರೆಗಳೂ ಥರೋಬ್ರೆಡ್ ತಳಿಯವೇ ಆದ್ದರಿಂದ ಅಲ್ಲಿನ ಬೂದು ಮರಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಬೂದು ಬಣ್ಣ ಉಳಿದ ಬಣ್ಣಗಳನ್ನೆಲ್ಲ ಮುಚ್ಚಿಹಾಕುವ ಕಾರಣ ಲೆಕ್ಕದಲ್ಲಿ ಅದನ್ನು ಮೊದಲು ತೆಗೆದುಕೊಳ್ಳುವುದು ಅನುಕೂಲ. ಬೂದಿನ ಒಂದೇ ಪ್ರತಿ ಇರುವ, ಮೂಲದಲ್ಲಿ ಕಪ್ಪಾಗಿರುವ (ಇ+/ಇ− ಎ−/ಎ−) ಹೆಣ್ಣುಕುದುರೆಯನ್ನು ಎ−/ಎ− ಚೆಸ್ಟ್‌ನಟ್ ಗಂಡಿನೊಡನೆ ಕೂಡಿಸಿದರೆ ಮರಿಗಳಲ್ಲಿ 1/2 ಕಾಲಕ್ರಮದಲ್ಲಿ ಬೂದಾಗುತ್ತವೆ. ಉಳಿದ ಅರ್ಧದಲ್ಲಿ 1/4 ಕಪ್ಪು, 1/4 ಚೆಸ್ಟ್‌ನಟ್ ಆಗಿ ಉಳಿಯುತ್ತವೆ. ಬೂದಿನ ಎರಡು ಪ್ರತಿ ಇರುವ ಕುದುರೆಯಿಂದ ಬೂದಲ್ಲದ ಮರಿಯನ್ನು ನಿರೀಕ್ಷಿಸುವಂತಿಲ್ಲ. ಹೊಸ ಮರಿ ಬೂದಾಗುವುದೇ ಎಂಬುದನ್ನು ತಿಳಿಯಲು ಅನುಭವಿಗಳು ಮೊದಲು ನೋಡುವುದು ಕಣ್ಣಿನ ಸುತ್ತ ಬಿಳಿಗೂದಲು ಮೂಡಿದೆಯೇ ಎಂದು.

ಬೂದಿಗೆ ತೆರಬೇಕಾದ ಬೆಲೆಯೂ ಇದೆ. ಹದಿನೈದು ವರ್ಷ ದಾಟಿದ ಬೂದು ಕುದುರೆಗಳಲ್ಲಿ ಶೇ. 70ರಿಂದ 80ರಷ್ಟರಲ್ಲಿ, ಮುಖ್ಯವಾಗಿ ಬಾಲದ ಬುಡದಲ್ಲಿ ಮತ್ತು ಗುದದ ಸುತ್ತ, ಮೆಲನೋಮ ಗೆಡ್ಡೆಗಳು ಕಾಣಿಸಿಕೊಳ್ಳುತ್ತವೆ. ಅಗೌಟಿಯ ಎ− ರೂಪವನ್ನು ಹೊತ್ತ ಬೂದು ಕುದುರೆಗಳಲ್ಲಿ ಇವು ಇನ್ನೂ ಹೆಚ್ಚು. ನಕಲಾದ ತುಣುಕು ಎಷ್ಟು ಬಾರಿ ಪುನರಾವರ್ತನೆಯಾಗಿದೆ ಎಂಬುದರ ಮೇಲೆ ಕುದುರೆ ನರೆಯುವ ವೇಗ ನಿಂತಿದೆ ಎಂಬುದೂ ಈಚೆಗೆ ತಿಳಿದುಬಂದಿದೆ. ಎರಡು ಸಲ ಇದ್ದರೆ ನಿಧಾನ, ಮೂರು ಸಲ ಇದ್ದರೆ ವೇಗ.

ಬಿಳಿ ಮಚ್ಚೆಗಳು ಮತ್ತು ಮಾರಕ ಬಿಳಿ ಮರಿ

ಮೈಮೇಲೆ ದೊಡ್ಡ ಬಿಳಿ ಮಚ್ಚೆಗಳುಳ್ಳ ಕುದುರೆಗಳನ್ನು ಭಾರತದಲ್ಲಿ ಅಬ್ಲಕ್ ಎಂದು ಕರೆಯುವ ರೂಢಿಯಿದೆ. ಈ ಮಚ್ಚೆಗಳಿಗೆ ಒಂದೇ ಕಾರಣವಿಲ್ಲ. ಟೊಬಿಯಾನೊ ಎಂಬ ವಿನ್ಯಾಸವು ಮೂರನೆಯ ವರ್ಣತಂತುವಿನ ದೊಡ್ಡ ಭಾಗವೊಂದು ತಲೆಕೆಳಗಾಗಿರುವುದರಿಂದ ಉಂಟಾಗುತ್ತದೆ. ಹಾಗೆ ತಲೆಕೆಳಗಾದ ತುಂಡಿನ ತುದಿ ಕಿಟ್ ವಂಶವಾಹಿಯ ಸಮೀಪದಲ್ಲಿದೆ. ಎಕ್ಸ್‌ಟೆನ್ಷನ್ ಕೂಡ ಇದೇ ವರ್ಣತಂತುವಿನಲ್ಲಿದ್ದು ಎರಡೂ ಒಟ್ಟಾಗಿ ಮರಿಗೆ ದಾಟುವ ಪ್ರವೃತ್ತಿ ತೋರುತ್ತವೆ. ಭಿನ್ನರಾಶಿಗಳನ್ನು ಗುಣಿಸುವ ಮೇಲಿನ ವಿಧಾನ ಇಂತಹ ಕಡೆ ಕೈಕೊಡುತ್ತದೆ. ಕಿಟ್ ವಂಶವಾಹಿಯಲ್ಲಿ ಉಂಟಾದ ಇತರ ಅನೇಕ ಉತ್ಪರಿವರ್ತನೆಗಳು ಕಾಲಿನ ಬಿಳಿಯಿಂದ ಹಿಡಿದು ಸಂಪೂರ್ಣ ಬಿಳಿ ಮೈವರೆಗೆ ನಾನಾ ಪ್ರಮಾಣದ ಬಿಳಿಯನ್ನು ನೀಡುತ್ತವೆ. ಅಪಲೂಸಾ ಮತ್ತು ಕ್ನಾಬ್‌ಸ್ಟ್ರಪ್ ತಳಿಗಳಲ್ಲಿ ಕಾಣುವ ಚಿರತೆಯಂತಹ ಚುಕ್ಕೆಗಳಿಗೆ ಟಿಆರ್‌ಪಿಎಂ1 ವಂಶವಾಹಿ ಕಾರಣ; ಅದರ ಎರಡು ಪ್ರತಿ ದೊರೆತ ಕುದುರೆಗಳಿಗೆ ಹುಟ್ಟಿನಿಂದಲೇ ಇರುಳುಗುರುಡು ಇರುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಫ್ರೇಮ್ ಓವರೊ. ಅಮೆರಿಕನ್ ಪೇಂಟ್ ಮುಂತಾದ ತಳಿಗಳಲ್ಲಿ ಕಾಣುವ ಈ ವಿನ್ಯಾಸದಲ್ಲಿ ಪಕ್ಕೆಗಳ ಮೇಲೆ ಅಡ್ಡಲಾಗಿ ಬಿಳಿ ಹರಡಿದ್ದು ಬೆನ್ನಿನ ಗೆರೆ ಬಣ್ಣದಲ್ಲಿಯೇ ಉಳಿದು, ಬಿಳಿಗೆ ಚೌಕಟ್ಟು ಹಾಕಿದಂತೆ ಕಾಣುತ್ತದೆ. ಇದಕ್ಕೆ ಇಡಿಎನ್‌ಆರ್‌ಬಿ ವಂಶವಾಹಿಯಲ್ಲಿನ ಉತ್ಪರಿವರ್ತನೆ ಕಾರಣವೆಂದು 1998ರಲ್ಲಿ ದೃಢಪಟ್ಟಿತು. ಒಂದು ಪ್ರತಿ ಇರುವ ಕುದುರೆ ಆರೋಗ್ಯವಾಗಿರುತ್ತದೆ. ಎರಡು ಪ್ರತಿ ದೊರೆತ ಮರಿ ಬಹುತೇಕ ಪೂರ್ಣ ಬಿಳಿಯಾಗಿ, ನೀಲಿ ಕಣ್ಣುಗಳೊಂದಿಗೆ ಹುಟ್ಟುತ್ತದೆ. ಭ್ರೂಣದಲ್ಲಿ ಮೆಲನೊಸೈಟ್‌ಗಳೂ ಕರುಳಿನ ನರಕೋಶಗಳೂ ಒಂದೇ ಮೂಲದಿಂದ ಹೊರಟು ವಲಸೆ ಹೋಗುತ್ತವೆ. ಈ ಗ್ರಾಹಕವಿಲ್ಲದಿದ್ದರೆ ಎರಡೂ ತಮ್ಮ ನೆಲೆ ಮುಟ್ಟುವುದಿಲ್ಲ. ಚರ್ಮದಲ್ಲಿ ಬಣ್ಣವಿಲ್ಲದ್ದು ಹೊರಗೆ ಕಾಣುತ್ತದೆ; ಕರುಳಿನಲ್ಲಿ ನರಗಳಿಲ್ಲದ್ದು ಕಾಣುವುದಿಲ್ಲ. ಮರಿ ಎದ್ದು ನಿಂತು ಹಾಲು ಕುಡಿಯುತ್ತದೆ, ಆದರೆ ಕರುಳು ಚಲಿಸದ ಕಾರಣ ಸಗಣಿ ಹಾಕಲಾರದೆ ಹೊಟ್ಟೆನೋವಿನಿಂದ ನರಳಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದಕ್ಕೆ ಚಿಕಿತ್ಸೆ ಇಲ್ಲ. ರೋಗ ಖಚಿತವಾದ ಮರಿಗೆ ಪಶುವೈದ್ಯರು ದಯಾಮರಣ ನೀಡುತ್ತಾರೆ.

ಎರಡು ಫ್ರೇಮ್ ಕುದುರೆಗಳನ್ನು ಕೂಡಿಸಿದರೆ 1/4 ಮರಿಗಳು ಈ ರೀತಿ ಸಾಯುತ್ತವೆ, 1/2 ಫ್ರೇಮ್ ಆಗುತ್ತವೆ, 1/4 ಈ ಆಲೀಲ್ ಇಲ್ಲದವು. ಒಂದು ಫ್ರೇಮ್ ಮತ್ತು ಒಂದು ಫ್ರೇಮ್ ಅಲ್ಲದ ಕುದುರೆಯನ್ನು ಕೂಡಿಸಿದರೆ 1/2 ಫ್ರೇಮ್, 1/2 ಈ ಆಲೀಲ್ ಇಲ್ಲದವು. ಸಾಯುವ ಮರಿ ಒಂದೂ ಇಲ್ಲ. ಎರಡೂ ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಬೇಕಾದ ಬಣ್ಣದ ಮರಿ ಪಡೆಯುವ ಸಂಭವ ಎರಡರಲ್ಲಿಯೂ ಒಂದೇ, ಅರ್ಧ. ಎರಡು ಫ್ರೇಮ್‌ಗಳನ್ನು ಕೂಡಿಸುವುದರಿಂದ ಬಣ್ಣದಲ್ಲಿ ಯಾವ ಲಾಭವೂ ಇಲ್ಲ, ಸಾವು ಮಾತ್ರ ಹೆಚ್ಚುವರಿ. ತೊಡಕಿರುವುದು ಗುರುತಿಸುವುದರಲ್ಲಿ. ಈ ಆಲೀಲ್ ಹೊತ್ತ ಕೆಲವು ಕುದುರೆಗಳಲ್ಲಿ ಹಣೆಯ ಮೇಲಿನ ಸ್ವಲ್ಪ ಬಿಳಿಯ ಹೊರತು ಬೇರೆ ಗುರುತಿರುವುದಿಲ್ಲ. ಆದುದರಿಂದ ಈ ಆಲೀಲ್ ಇರುವ ತಳಿಗಳಲ್ಲಿ ಕೂಡಿಸುವ ಮುನ್ನ ಎರಡೂ ಕುದುರೆಗಳ ಡಿಎನ್‌ಎ ಪರೀಕ್ಷೆ ಅಗತ್ಯವೆಂದು ಪರಿಗಣಿಸಲಾಗುತ್ತದೆ.

ಬಿಳಿ ಮರಿ ಹುಟ್ಟಿದೊಡನೆ ಅದು ಮಾರಕ ಬಿಳಿಯೇ ಎಂದು ತೀರ್ಮಾನಿಸುವುದೂ ಅಷ್ಟೇ ಅಪಾಯಕರ. ಕ್ರೆಮೆಲೊ ಮರಿಗಳೂ ಕಿಟ್ ವಂಶವಾಹಿಯಿಂದ ಬಿಳಿಯಾದ ಮರಿಗಳೂ ಆರೋಗ್ಯವಂತ ಕುದುರೆಗಳಾಗಿ ಬೆಳೆಯುತ್ತವೆ. ತಂದೆತಾಯಿಗಳಲ್ಲಿ ಒಂದಕ್ಕಾದರೂ ಫ್ರೇಮ್ ಆಲೀಲ್ ಇಲ್ಲವೆಂದು ಪರೀಕ್ಷೆಯಿಂದ ಗೊತ್ತಿದ್ದರೆ ಆ ಭಯಕ್ಕೆ ಕಾರಣವಿಲ್ಲ.

ಇತಿಹಾಸ: ವಂಶಾವಳಿ ಗ್ರಂಥದ ಮೇಲಿನ ವಿವಾದ

ಮೆಂಡಲನ ಸಂಶೋಧನೆ 1900ರಲ್ಲಿ ಮರಳಿ ಬೆಳಕಿಗೆ ಬಂದ ಮೇಲೆ ಅದು ಬಟಾಣಿಗೆ ಮಾತ್ರವಲ್ಲದೆ ದೊಡ್ಡ ಪ್ರಾಣಿಗಳಿಗೂ ಅನ್ವಯಿಸುವುದೇ ಎಂಬ ಚರ್ಚೆ ಇಂಗ್ಲೆಂಡಿನಲ್ಲಿ ಕಾವೇರಿತು. ಪ್ರಯೋಗಕ್ಕೆ ಕುದುರೆಗಳನ್ನು ಸಾಕುವುದು ದುಬಾರಿ. ಆದರೆ ಥರೋಬ್ರೆಡ್ ಕುದುರೆಗಳ ವಂಶಾವಳಿ ಗ್ರಂಥದಲ್ಲಿ ತಲೆಮಾರುಗಳ ಬಣ್ಣ ದಾಖಲಾಗಿತ್ತು. ಚಾರ್ಲ್ಸ್ ಚೇಂಬರ್ಲೇನ್ ಹರ್ಸ್ಟ್ ಈ ದಾಖಲೆಗಳನ್ನು ಪರಿಶೀಲಿಸಿ, ಚೆಸ್ಟ್‌ನಟ್ ಬಣ್ಣವು ಬೇ ಮತ್ತು ಬ್ರೌನ್ ಬಣ್ಣಗಳಿಗೆ ದುರ್ಬಲವೆಂದು 1905ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದರು. ಮೆಂಡಲ್‌ವಾದದ ವಿರೋಧಿಯಾಗಿದ್ದ ಪ್ರಾಣಿಶಾಸ್ತ್ರಜ್ಞ ಡಬ್ಲ್ಯು. ಎಫ್. ಆರ್. ವೆಲ್ಡನ್ ಅದೇ ಗ್ರಂಥವನ್ನು ಕೈಗೆತ್ತಿಕೊಂಡು, ಎರಡು ಚೆಸ್ಟ್‌ನಟ್‌ಗಳಿಗೆ ಬೇರೆ ಬಣ್ಣದ ಮರಿಗಳು ಹುಟ್ಟಿದ ನಮೂದುಗಳನ್ನು ಎತ್ತಿ ತೋರಿಸಿದರು. ಅವು ದಾಖಲೆಯ ದೋಷಗಳೆಂಬುದು ಹರ್ಸ್ಟ್ ಪಕ್ಷದ ವಾದ. ನಿಯಮಕ್ಕೆ ಅಪವಾದಗಳೆಂಬುದು ವೆಲ್ಡನ್ ವಾದ. ಕುದುರೆಗಳ ಬಣ್ಣದ ಈ ಶೋಧನೆಯಲ್ಲಿ ಮುಳುಗಿದ್ದಾಗಲೇ ವೆಲ್ಡನ್ 1906ರ ಏಪ್ರಿಲ್‌ನಲ್ಲಿ ನಿಧನರಾದರು. ನಂತರದ ಒಂದು ಶತಮಾನದ ಅನುಭವವೂ ಎಂಸಿ1ಆರ್ ಸಂಶೋಧನೆಯೂ ಹರ್ಸ್ಟ್ ನಿಲುವನ್ನು ಎತ್ತಿಹಿಡಿದಿವೆ.

ಅಮೆರಿಕದಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ಎಂಬ ವಿದ್ಯಾರ್ಥಿ ತನ್ನ ತಂದೆಯ ಕುದುರೆಗಳ ವಂಶಾವಳಿಯನ್ನು ಬರೆದಿಡುವ ಹವ್ಯಾಸದಿಂದ ತೊಡಗಿ, ಗಾಡಿ ಕುದುರೆಗಳ ಬಣ್ಣದ ಅನುವಂಶೀಯತೆಯ ಬಗ್ಗೆ 1910ರಲ್ಲಿ ಪ್ರಬಂಧ ಪ್ರಕಟಿಸಿದನು. ಅದನ್ನು ಪ್ರೋತ್ಸಾಹಿಸಿದವರು ಥಾಮಸ್ ಹಂಟ್ ಮಾರ್ಗನ್. ಮಾರ್ಗನ್ ಅವರ ಪ್ರಯೋಗಾಲಯ ಸೇರಿದ ಸ್ಟರ್ಟೆವಂಟ್ 1913ರಲ್ಲಿ ಹಣ್ಣುನೊಣದ ವಂಶವಾಹಿಗಳ ಮೊದಲ ನಕ್ಷೆಯನ್ನು ರಚಿಸಿದನು.

ಅಸಾಧ್ಯ ಬಣ್ಣಗಳು ಮತ್ತು ಪೋಷಕರ ನಿರ್ಧಾರ

ಯಾವ ಬಣ್ಣ ಹುಟ್ಟುತ್ತದೆ ಎಂಬುದಕ್ಕಿಂತ ಯಾವುದು ಹುಟ್ಟಲಾರದು ಎಂಬ ಹೇಳಿಕೆ ಹೆಚ್ಚು ಬಲವಾದದ್ದು. ಎರಡು ಚೆಸ್ಟ್‌ನಟ್‌ಗಳಿಗೆ ಕಪ್ಪು ಅಥವಾ ಬೇ ಮರಿ, ಎರಡು ಕಪ್ಪು ಕುದುರೆಗಳಿಗೆ ಬೇ ಮರಿ, ಬೂದಲ್ಲದ ಎರಡು ಕುದುರೆಗಳಿಗೆ ಬೂದು ಮರಿ, ಕ್ರೆಮೆಲೊ ಕುದುರೆಗೆ ಕ್ರೀಮ್ ಇಲ್ಲದ ಮರಿ ಹುಟ್ಟುವುದಿಲ್ಲ. ಹಾಗೆ ಹುಟ್ಟಿದಂತೆ ದಾಖಲಾಗಿದ್ದರೆ ಸಾಮಾನ್ಯವಾಗಿ ತಂದೆ ಬೇರೆ, ಅಥವಾ ತಂದೆತಾಯಿಗಳಲ್ಲೊಂದರ ಬಣ್ಣವನ್ನು ತಪ್ಪಾಗಿ ಗುರುತಿಸಲಾಗಿದೆ. ರಕ್ತಪರೀಕ್ಷೆ ಮತ್ತು ಡಿಎನ್‌ಎ ಪರೀಕ್ಷೆಗಳು ಬರುವ ಮೊದಲು ವಂಶಾವಳಿ ನೋಂದಣಿಯಲ್ಲಿ ಸುಳ್ಳನ್ನು ಹಿಡಿಯಲು ಬಣ್ಣವೇ ಒಂದು ಸಾಧನವಾಗಿತ್ತು.

ತಪ್ಪು ಗುರುತಿಸುವಿಕೆ ಅಪರೂಪವೇನಲ್ಲ. ಬಿಸಿಲಿಗೆ ಮಾಸಿದ ಕಪ್ಪು ಕುದುರೆ ಕಂದಾಗಿ ಕಾಣುತ್ತದೆ. ಗಾಢವಾದ ಬೇ ಕುದುರೆ ಕಪ್ಪಾಗಿ ಕಾಣುತ್ತದೆ. ಮರಿಗಳಲ್ಲಿ ಇನ್ನೂ ಕಷ್ಟ: ಕಪ್ಪಾಗಿ ಬೆಳೆಯಲಿರುವ ಮರಿ ಇಲಿಬೂದಿಯ ಬಣ್ಣದಲ್ಲಿ ಹುಟ್ಟಬಹುದು, ಬೇ ಮರಿಯ ಕಾಲುಗಳು ಕಪ್ಪಾಗುವ ಬದಲು ಮಾಸಲಾಗಿರಬಹುದು. ಮೊದಲ ಕೂದಲು ಉದುರಿದ ಮೇಲಷ್ಟೇ ಖಚಿತ ಬಣ್ಣ ತಿಳಿಯುತ್ತದೆ.

ಪರೀಕ್ಷೆ ಮತ್ತು ಅದರ ಮಿತಿಗಳು

ಬಣ್ಣದ ವಂಶವಾಹಿಗಳ ಪರೀಕ್ಷೆಗೆ ಅಯಾಲಿನಿಂದ ಅಥವಾ ಬಾಲದಿಂದ ಬುಡಸಹಿತ ಕಿತ್ತ ಕೆಲವು ಹತ್ತು ಕೂದಲುಗಳು ಸಾಕು. ಡಿಎನ್‌ಎ ದೊರೆಯುವುದು ಬುಡದಲ್ಲಿಯೇ ಆದ್ದರಿಂದ ಕತ್ತರಿಸಿದ ಕೂದಲು ಪ್ರಯೋಜನಕ್ಕೆ ಬಾರದು. ಪರೀಕ್ಷೆಯು ಹುಡುಕುವುದು ಈಗಾಗಲೇ ಪತ್ತೆಯಾಗಿರುವ ನಿರ್ದಿಷ್ಟ ಬದಲಾವಣೆಗಳನ್ನು ಮಾತ್ರ. ಎಕ್ಸ್‌ಟೆನ್ಷನ್ ಸ್ಥಾನದಲ್ಲಿಯೇ ಸಾಮಾನ್ಯ ಇ− ಅಲ್ಲದೆ ಇನ್ನೊಂದು ವಿರಳ ದುರ್ಬಲ ರೂಪವು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕುದುರೆಗಳಲ್ಲಿ ಕಂಡುಬಂದಿದೆ. ಅದನ್ನು ಹುಡುಕದ ಪರೀಕ್ಷೆ ಅಂತಹ ಕುದುರೆಯನ್ನು ತಪ್ಪಾಗಿ ಓದುತ್ತದೆ. ಹೊಸ ಉತ್ಪರಿವರ್ತನೆಗಳೂ ಉಂಟಾಗುತ್ತಲೇ ಇರುತ್ತವೆ. ಕಿಟ್ ವಂಶವಾಹಿಯಲ್ಲಿ ಹೊಸದಾಗಿ ಬದಲಾವಣೆ ಉಂಟಾಗಿ, ಬಣ್ಣದ ತಂದೆತಾಯಿಗಳಿಗೆ ಬಿಳಿ ಮರಿ ಹುಟ್ಟಿದ ಪ್ರಸಂಗಗಳು ದಾಖಲಾಗಿವೆ.

ಚೆಸ್ಟ್‌ನಟ್‌ನ ಛಾಯೆ ತಿಳಿಯಾಗಿರುವುದೋ ಗಾಢವಾಗಿರುವುದೋ, ಬೇ ಕುದುರೆ ಕೆಂಪಿನ ಕಡೆ ವಾಲುವುದೋ ಕಪ್ಪಿನ ಕಡೆ ವಾಲುವುದೋ ಎಂಬುದನ್ನು ಈ ಲೆಕ್ಕದಿಂದ ಹೇಳಲಾಗುವುದಿಲ್ಲ. ಹಣೆಯ ಚುಕ್ಕೆ ಮತ್ತು ಕಾಲಿನ ಬಿಳಿ ಎಷ್ಟು ದೊಡ್ಡದಾಗಿರುತ್ತದೆ ಎಂಬುದು ಅನೇಕ ವಂಶವಾಹಿಗಳ ಜೊತೆಗೆ ಭ್ರೂಣದಲ್ಲಿ ಮೆಲನೊಸೈಟ್‌ಗಳು ಸಾಗುವಾಗಿನ ಆಕಸ್ಮಿಕಗಳನ್ನೂ ಅವಲಂಬಿಸಿದೆ. ಈ ಕಾರಣದಿಂದಲೇ ಒಂದೇ ಕುದುರೆಯ ತದ್ರೂಪಿಗಳಾಗಿ ಕ್ಲೋನಿಂಗ್ ಮೂಲಕ ಹುಟ್ಟಿದ ಮರಿಗಳಲ್ಲಿಯೂ ಬಿಳಿ ಗುರುತುಗಳು ಒಂದರಂತೆ ಇನ್ನೊಂದು ಇರುವುದಿಲ್ಲ.